ಡಿಸೆಂಬರಲ್ಲಿ ಮೂರು ದಿನ ಮಂಗಳೂರು: ಬೀಚ್ ಯಾವಾಗ, ಸರ್ಫಿಂಗ್ ಎಲ್ಲಿ, ದ್ವೀಪ ಸೇರಿಸಬಹುದಾ?

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ಕಾರಲ್ಲಿ ಮಂಗಳೂರಿಗೆ ಹೊರಟಿದ್ದೀವಿ, ಮೂರು ದಿನ. ನಾವಿಬ್ಬರು, 12 ವರ್ಷದ ಮಗಳು, ಮತ್ತೆ ಅಮ್ಮ. ಅಮ್ಮಂಗೆ ಮೊಣಕಾಲು ನೋವು, ಊಟ ಸಸ್ಯಾಹಾರ. ಮಗಳದ್ದು ಸರ್ಫಿಂಗ್ ಅಂತ ಒಂದೇ ಹಠ. ಈಜುಕೊಳದಲ್ಲಿ ಚೆನ್ನಾಗಿ ಈಜ್ತಾಳೆ, ಸಮುದ್ರಕ್ಕೆ ಇಳಿದಿಲ್ಲ. ಸೇಂಟ್ ಮೇರೀಸ್ ದ್ವೀಪಾನೂ ಸೇರಿಸಬಹುದಾ? ಇಡೀ ದಿನ ಬಿಸಿಲಲ್ಲಿ ಕೂರೋಕೆ ನಮ್ಮ ಕೈಲಾಗಲ್ಲ ರೀ.

ಪಡುಗಾಳಿ:
ಇಡೀ ದಿನ ಇಲ್ಲಿಯವರೂ ಕೂರುವುದಿಲ್ಲ ಮಾರಾಯ್ರೆ. ಡಿಸೆಂಬರಲ್ಲೂ ಹನ್ನೊಂದರಿಂದ ಮೂರೂವರೆ ತನಕ ಮರಳು ಕಾಲು ಸುಡ್ತದೆ. ಬೆಳಿಗ್ಗೆ ಒಂಬತ್ತೂವರೆಯೊಳಗೆ ನೀರಾಟ ಮುಗಿಸಿ, ಮಧ್ಯಾಹ್ನ ನೆರಳಲ್ಲಿರಿ, ನಾಲ್ಕು ಗಂಟೆಗೆ ಮತ್ತೆ ಕಡಲ ಬದಿಗೆ. ಆಗ ಸೂರ್ಯ ಮುಳುಗುವುದು ಆರೂಕಾಲರ ಆಸುಪಾಸು. ಐದೂವರೆಗೆ ಹೋಟೆಲಿನಿಂದ ಹೊರಟರೆ ಟ್ರಾಫಿಕ್ಕಿನಲ್ಲೇ ಸಂಜೆ ಮುಗೀತದೆ.

ಅಮ್ಮನವರಿಗೆ ಪಣಂಬೂರು ಬೀಚ್ ಸುಲಭ, ವಾಹನ ಮರಳಿನ ಹತ್ತಿರದವರೆಗೂ ಹೋಗ್ತದೆ. ಜನಜಾತ್ರೆ ಬೇಡ ಅಂದ್ರೆ ತಣ್ಣೀರುಬಾವಿ. ಅಲ್ಲಿಗೆ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟುವ ದೋಣಿ ಚೆಂದ, ಆದ್ರೆ ಹತ್ತುವಾಗ ಇಳಿಯುವಾಗ ಕಾಲು ಎತ್ತಿ ಇಡಬೇಕು, ಮೊಣಕಾಲಿಗೆ ಕಷ್ಟ. ಅವರನ್ನು ಕಾರಲ್ಲಿ ಕೂಳೂರು ಸೇತುವೆ ದಾಟಿಸಿ ಕರ್ಕೊಂಡು ಬನ್ನಿ, ಮಗಳು ಮತ್ತು ಇನ್ನೊಬ್ಬರು ದೋಣಿಯಲ್ಲಿ ಬರ್ಲಿ. ವಾಪಸ್ ಕೊನೆಯ ದೋಣಿ ಎಷ್ಟಕ್ಕೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ಸೇಂಟ್ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ತುಂಬ ಇಟಲಿಯ ಆಂಟೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳು. ಬೆಂಚಲ್ಲಿ ಕೂತೇ ನೋಡಬಹುದು. ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರ ಮೂರ್ತಿ ಉಂಟು, ಬಂದವರೆಲ್ಲ ದೇವರಿಗೆ ಕೈ ಮುಗಿದು ಅದನ್ನು ನೋಡದೆ ಹೋಗ್ತಾರೆ. ಪಿಲಿಕುಳ ನಿಸರ್ಗಧಾಮಕ್ಕೆ ಸೋಮವಾರ ಹೋಗ್ಬೇಡಿ, ರಜೆ. ಅಲ್ಲಿಯ ಮೃಗಾಲಯದಲ್ಲಿ ನಡಿಗೆ ಜಾಸ್ತಿ, ಅಮ್ಮನವರಿಗೆ ತಾರಾಲಯವೇ ಸರಿ.

ಅಲೆಗಾರ:
ಸರ್ಫಿಂಗ್‌ಗೆ ಮೂಲ್ಕಿ ಅಥವಾ ಸಸಿಹಿತ್ಲು, ಎರಡೂ ಮಂಗಳೂರಿನಿಂದ ಉತ್ತರಕ್ಕೆ. ತರಬೇತಿ ಕೊಡುವವರಿದ್ದಾರೆ, ಆದರೆ ವರ್ಷದ ಕೊನೇ ವಾರ ತುಂಬಿರ್ತದೆ. ಈಗಲೇ ಫೋನ್ ಮಾಡಿ ಬೆಳಗಿನ ಮೊದಲ ತಂಡದಲ್ಲಿ ಜಾಗ ಹಿಡಿಯಿರಿ. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸ್ತದೆ, ಅಲೆ ನುಣುಪಾಗಿ ಸಾಲಾಗಿ ಬರ್ತದೆ. ಮಧ್ಯಾಹ್ನ ಗಾಳಿ ತಿರುಗಿತು ಅಂದ್ರೆ ನೀರೆಲ್ಲ ಕಲಕಿ ಹೊಸಬರಿಗೆ ಒಂದೂ ಸರಿಯಾದ ಅಲೆ ಸಿಗುವುದಿಲ್ಲ. ಡಿಸೆಂಬರಿನ ಅಲೆ ಸಣ್ಣದು, ಕಲಿಯುವವರಿಗೆ ಅದೇ ಬೇಕಾದ್ದು.

ಮಗಳಿಗೆ ಫೋಮ್ ಹೊದಿಕೆಯ ಎಂಟಡಿ ಬೋರ್ಡ್ ಕೇಳಿ. ಚಿಕ್ಕ ಹುಡುಗಿ ಅಂತ ಚಿಕ್ಕ ಬೋರ್ಡ್ ತಗೊಂಡ್ರೆ ತೇಲುವುದು ಕಡಿಮೆಯಾಗಿ ಏಳ್ಲಿಕ್ಕೇ ಆಗುವುದಿಲ್ಲ. ಎಲ್ಲರೂ ತಪ್ಪುವುದು ಏಳುವಾಗಲೇ. ಬೋರ್ಡಿನ ಅಂಚು ಹಿಡಿದರೆ ಅದು ಮಗುಚುತ್ತದೆ, ಅಂಗೈ ಎರಡೂ ಪಕ್ಕೆಲುಬಿನ ಬದಿಗೆ ಚಪ್ಪಟೆ ಊರಬೇಕು. ಮೊದಲು ಮಂಡಿಯೂರಿ ಆಮೇಲೆ ಏಳುವ ಅಭ್ಯಾಸ ಬೇಡ, ಅಷ್ಟರಲ್ಲಿ ಅಲೆ ದಾಟಿ ಹೋಗಿರ್ತದೆ. ಕಣ್ಣು ಕಾಲಿನ ಮೇಲಲ್ಲ, ದಡದ ಮೇಲೆ. ಬಿದ್ದ ಮೇಲೆ ಬೋರ್ಡನ್ನು ತನಗೂ ಅಲೆಗೂ ನಡುವೆ ಬಿಡಲೇಬಾರದು, ಮುಂದಿನ ಅಲೆ ಅದನ್ನು ನೇರ ಮುಖಕ್ಕೇ ತರ್ತದೆ. ನೀರಿನಿಂದ ಮೇಲೆ ಬರುವಾಗ ತಲೆ ಮೇಲೆ ಕೈ ಅಡ್ಡ ಇರಲಿ.

ಮೈಗಂಟುವ ತುಂಬುತೋಳಿನ ಈಜುಡುಪು ತನ್ನಿ. ಕಾಟನ್ ಟೀ ಶರ್ಟ್ ನೀರು ಕುಡಿದು ಭಾರವಾಗ್ತದೆ, ಹೊಟ್ಟೆಯೂ ಉಜ್ಜಿ ಕೆಂಪಾಗ್ತದೆ.

ಪಡುಗಾಳಿ:
ಇದಕ್ಕೆ ಒಂದು ಸೇರಿಸ್ತೇನೆ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಉಂಟು. ಅಲ್ಲಿ ನೀರು ಶಾಂತವಾಗಿ ಕಾಣ್ತದೆ ಅಂತ ಮಕ್ಕಳನ್ನು ಇಳಿಸ್ಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಒಟ್ಟಿಗೆ ಹೊರಗೆ ಓಡ್ತದೆ. ಸೋಮೇಶ್ವರ ಬೀಚಿನಲ್ಲಿ ಬಂಡೆ ಮೇಲಿಂದ ನೋಡಿ ಬನ್ನಿ, ಸ್ನಾನ ಬೇಡವೇ ಬೇಡ.

ಉಳಿದ ಬೀಚಿನಲ್ಲೂ ಅಲೆ ಒಡೆದು ನೊರೆ ಬರುವ ಸಾಲಿನ ನಡುವೆ ನೊರೆಯೇ ಇಲ್ಲದ ಕಪ್ಪು ಪಟ್ಟಿ ಕಂಡ್ರೆ ಅದೇ ಸೆಳೆತ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಹೊಸಬರು ಅಲೆ ಇಲ್ಲ ಅಂತ ಸರಿಯಾಗಿ ಅಲ್ಲೇ ಇಳಿಯುವುದು! ಸಿಕ್ಕಿಹಾಕ್ಕೊಂಡ್ರೆ ದಡದ ಕಡೆಗೆ ಹೊಡೆದಾಡಬಾರದು, ಸುಸ್ತಾಗ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಇರುವಲ್ಲಿಗೆ ಬಂದ ಮೇಲೆ ಅಲೆಯೊಟ್ಟಿಗೆ ಒಳಗೆ. ಈಜಲಿಕ್ಕೆ ಆಗದಿದ್ರೆ ತೇಲ್ತಾ ಕೈ ಎತ್ತಿ ಕೂಗಿ.

ಬೆಣ್ಣೆದೋಸೆ_ದಾವಣಗೆರೆ:
ಈ ಕಪ್ಪು ಪಟ್ಟಿ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ದ್ವೀಪಕ್ಕೆ ಅಮ್ಮ ಬರಬಹುದಾ? ಊಟದ್ದೂ ಯಾರಾದ್ರೂ ಹೇಳಿ.

ಮಲ್ಪೆ_ಬಂದರು:
ಅಮ್ಮನವರಿಗೆ ದ್ವೀಪ ಬೇಡ ಅಂತಲೇ ನನ್ನ ಸಲಹೆ. ದೊಡ್ಡ ಬೋಟು ದ್ವೀಪದ ದಡ ಮುಟ್ಟುವುದಿಲ್ಲ, ನೀರಿನ ನಡುವೆ ಸಣ್ಣ ದೋಣಿಗೆ ದಾಟಿಸ್ತಾರೆ. ಎರಡೂ ಅಲುಗಾಡ್ತಾ ಇರುವಾಗ ಕಾಲು ದಾಟಿಸಬೇಕು. ಅವರು ಉಡುಪಿ ಮಠದಲ್ಲಿ ಕೃಷ್ಣನ ದರ್ಶನ ಮಾಡಿ ಅಲ್ಲಿಯೇ ಊಟ ಮಾಡ್ಲಿ, ಒಬ್ಬರು ಜೊತೆಗಿರಿ.

ಹೋಗುವವರು ಬೆಳಗಿನ ಮೊದಲ ಬೋಟಿಗೇ ಹೋಗಿ. ರಜೆಯ ವಾರ ಹತ್ತು ಗಂಟೆ ಮೇಲೆ ಟಿಕೆಟ್ ಸಾಲು ಬಿಸಿಲಲ್ಲೇ ಬೆಳೀತದೆ. ಮಂಗಳೂರಿನಿಂದ ಬೋಟು ಹೊರಡುವ ಮಲ್ಪೆಗೆ ಸುಮಾರು 60 ಕಿ.ಮೀ., ಹೆದ್ದಾರಿ 66ರಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಮರಳಿಗಿಂತ ಒಡೆದ ಚಿಪ್ಪೇ ಜಾಸ್ತಿ, ಕಾಲು ಕೊಯ್ತದೆ. ನೋಡಬೇಕಾದ್ದು ಕಂಬ ಕಂಬವಾಗಿ ನಿಂತ ಆ ಕಲ್ಲುಗಳನ್ನು. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದ ಲಾವಾ ತಣ್ಣಗಾಗುವಾಗ ಕುಗ್ಗಿ ಸೀಳಿ ಹಾಗಾದದ್ದು. ಒದ್ದೆ ಕಂಬದ ಮೇಲೆ ನಿಂತು ಸೆಲ್ಫಿ ತೆಗೆಯಬೇಡಿ, ಪಾಚಿ ಇರ್ತದೆ.

ನೀರ್ದೋಸೆ:
ಊಟ ನನಗಿರಲಿ. ಬೆಳಿಗ್ಗೆ ಅಮ್ಮನಿಗೆ ಬಾಳೆಹಣ್ಣಿನ ಬನ್ಸ್, ನೀರುದೋಸೆ, ಸಂಜೆ ಗೋಳಿಬಜೆ. ಕೆಸುವಿನ ಎಲೆಯ ಪತ್ರೊಡೆ ಮಳೆಗಾಲದ್ದು, ಡಿಸೆಂಬರಲ್ಲಿ ಹುಡುಕ್ಬೇಡಿ. ನೀವು ಮೀನು ತಿನ್ನುವವರಾದ್ರೆ ಮೊದಲ ಸಲಕ್ಕೆ ಕಾಣೆ ಮೀನಿನ ರವಾ ಫ್ರೈ, ಮುಳ್ಳು ಬಿಡಿಸುವುದು ಸುಲಭ. ಅಂಜಲ್ (ಸುರ್ಮೈ), ಮಾಂಜಿ (ಪಾಂಫ್ರೆಟ್) ಹೇಳುವಾಗ ಹಸಿ ಮೀನಿನ ತಟ್ಟೆ ತರಿಸಿ, ತುಂಡು ತೋರಿಸಿ, ದರ ಕೇಳಿಯೇ ಒಪ್ಪಿ. ಎಷ್ಟೋ ಕಡೆ ಮೆನುವಿನಲ್ಲಿ ದರ ಇರುವುದಿಲ್ಲ, ಗಾತ್ರದ ಮೇಲೆ ಬಿಲ್ಲು. ಗರಿಗರಿ ಕೋರಿ ರೊಟ್ಟಿಗೆ ಕೋಳಿ ಗಸಿ (ಸಾರು) ಒಮ್ಮೆಲೇ ಸುರಿಯಬೇಡಿ, ಎರಡು ನಿಮಿಷಕ್ಕೆ ಮುದ್ದೆಯಾಗ್ತದೆ.

ಶನಿವಾರ ಇಲ್ಲೇ ಇದ್ದರೆ ಹತ್ತಿರ ಎಲ್ಲಿ ಕಂಬಳ ಉಂಟು ಅಂತ ವಿಚಾರಿಸಿ. ಓಟ ಮುಗಿಯುವ ಮಂಜೊಟ್ಟಿಯ ಬದಿಗೆ ನಿಂತರೆ ಒಳ್ಳೆಯದು, ಆದ್ರೆ ಕೋಣ ಓಡಿ ಬಂದು ಹತ್ತುವ ದಾರಿ ಬಿಟ್ಟು ನಿಲ್ಲಿ. ಮಗಳಿಗೆ ಕನೆಹಲಗೆ ಓಟ ತೋರಿಸಿ, ಕೋಣ ಎಳೆಯುವ ಹಲಗೆ ಮೇಲೆ ಓಡಿಸುವವನು ನಿಂತಿರ್ತಾನೆ: ಕೆಸರುನೀರು ಮೇಲೆ ಕಟ್ಟಿದ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆ ಬಟ್ಟೆಗೆ ಚಿಮ್ಮುತ್ತದಾ ಅಂತ ನೋಡುವುದು. ಫೈನಲ್ ತನಕ ಕಾಯ್ತೇನೆ ಅಂದ್ರೆ ಮರುದಿನ ಬೆಳಗಾಗ್ತದೆ, ಹಾಗಾಗಿ ಸರ್ಫಿಂಗ್ ಭಾನುವಾರ ಬೆಳಿಗ್ಗೆಗೆ ಹಾಕ್ಬೇಡಿ.