ಅಪ್‌ಡೇಟ್: ನಾಯಿಯ ಮೂಗಲ್ಲಿದ್ದದ್ದು ಜಿಗಣೆ

ತೀರ್ಥಹಳ್ಳಿ ಕಡೆ ಕಾಡು ಸುತ್ತಿದ ಮೇಲೆ ನಾಯಿಗೆ ಬಿಡದ ಸೀನು, ಒಂದೇ ಹೊಳ್ಳೆಯಲ್ಲಿ ರಕ್ತ ಅಂತ ಕೇಳಿದ್ದೆನಲ್ಲ, ಈಗ ಆರಾಮಾಗಿದೆ. ಕೆಲಸ ಮಾಡಿದ್ದು "ಬಾಯಾರಿಸಿ ನೀರು ತೋರಿಸಿ" ಎಂದವರ ಸಲಹೆ. ಡಾಕ್ಟರ ಎದುರೇ ಮಾಡಿದ್ದು: ಕೆಲವು ಗಂಟೆ ನೀರು ಕೊಡದೆ, ಆಮೇಲೆ ಅಗಲ ಬೋಗುಣಿಯಲ್ಲಿ ತಣ್ಣೀರಿಟ್ಟು ಮೂಗನ್ನು ಹತ್ತಿರ ಹಿಡಿದಾಗ ಕಪ್ಪು ತುದಿ ಹೊರಗಿಣುಕಿತು. ಬೆರಳಿಗೆ ಸಿಕ್ಕರೂ ಜಾರುತ್ತದೆ. ಒಣ ಗಾಜ್ ಬಟ್ಟೆ ಮತ್ತು ಚಿಮಟದಲ್ಲಿ ಹಿಡಿದು, ಜಗ್ಗದೆ, ನಿಧಾನ ಎಳೆದರು.

ಮೂಗಿಗೆ ಬಿಟ್ಟ ಉಪ್ಪುನೀರಿಂದ ಸೀನು ಹೆಚ್ಚಾಯಿತಷ್ಟೇ. ಹೊಗೆಸೊಪ್ಪಿನ ರಸ ಹಾಕಲೇಬೇಡಿ, ನಿಕೋಟಿನ್ ನಾಯಿಗೆ ವಿಷ.

ಅಚ್ಚರಿಯೆಂದರೆ ಇದು ಕಾಲಿಗೆ ಹತ್ತುವ ಇಂಬಳ (ಕಾಡಿನ ನೆಲದ ಜಿಗಣೆ) ಅಲ್ಲ. ಹಳ್ಳ, ಕೆರೆಯ ನೀರು ಕುಡಿಯುವಾಗ ಜಿಗಣೆಯ ಸಣ್ಣ ಮರಿ ಒಳಹೊಕ್ಕು ವಾರಗಟ್ಟಲೆ ಬೆಳೆಯುತ್ತದೆ. ದಸರಾ, ದೀಪಾವಳಿ ರಜೆಗೆ ಮಕ್ಕಳ ಜೊತೆ ನಾಯಿಯನ್ನೂ ಸುತ್ತಿಸುವವರು ಅದಕ್ಕೂ ಮನೆಯಿಂದಲೇ ನೀರು ಒಯ್ಯಿರಿ.