ರಾಕ್ ತಂಡ ಫಂಕ್ ನುಡಿಸಲು ಹೊರಟರೆ ಏನನ್ನು ಬಿಡಬೇಕು? ನುಡಿಸಿದವರ ಅನುಭವಗಳು

ಪ್ರಶ್ನೆ: ನಾವು ಬೆಂಗಳೂರಿನ ನಾಲ್ವರು, ಆರು ವರ್ಷಗಳಿಂದ ರಾಕ್ ನುಡಿಸುತ್ತಿದ್ದೇವೆ. ಈಚೆಗೆ ನಮ್ಮ ಎರಡು ಸ್ವಂತ ಹಾಡುಗಳಿಗೆ, ಕೇಳಿದವರನ್ನು ಕುಣಿಸುವ ಲಯಪ್ರಧಾನ ಸಂಗೀತವಾದ ಫಂಕ್‌ನ ನಡೆ ತರಲು ಯತ್ನಿಸಿದೆವು. ಬೇಸ್ ಗಿಟಾರ್ ನುಡಿಸುವ ಗೆಳೆಯ ಹೆಬ್ಬೆರಳಿನಿಂದ ತಂತಿಗೆ ಹೊಡೆಯುವ ‘ಸ್ಲ್ಯಾಪ್’ ಕಲಿತಿದ್ದಾನೆ, ನಾನು ಗಿಟಾರ್‌ಗೆ ‘ವಾ-ವಾ’ ಎಂಬ ಸದ್ದು ಕೊಡುವ, ಕಾಲಿನಿಂದ ಒತ್ತುವ ವಾ ಪೆಡಲ್ ಕೊಂಡಿದ್ದೇನೆ. ಆದರೂ ಕೇಳಿದವರು ‘ರಾಕ್ ಚೆನ್ನಾಗಿದೆ’ ಎನ್ನುತ್ತಾರೆಯೇ ಹೊರತು ಯಾರ ಕಾಲೂ ಅಲುಗುವುದಿಲ್ಲ. ಈ ಬೆರಕೆಯನ್ನು ನುಡಿಸಿ ಪಳಗಿದವರು ಎಲ್ಲಿಂದ ಆರಂಭಿಸಿದಿರಿ, ಏನನ್ನು ಕೈಬಿಟ್ಟಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಡ್ರಮ್ಸ್ ನುಡಿಸುವವರೊಬ್ಬರು: ನಾನು ನಾಲ್ಕು ವರ್ಷ ಮೃದಂಗ ಕಲಿತು ಆಮೇಲೆ ಡ್ರಮ್ಸ್‌ಗೆ ಬಂದವನು. ರಾಕ್‌ನಲ್ಲಿ ಎರಡನೆಯ ಮತ್ತು ನಾಲ್ಕನೆಯ ಬೀಟ್‌ಗೆ ಸ್ನೇರ್ ಡ್ರಮ್ಮಿನ ಪೆಟ್ಟು ಬಿದ್ದರೆ ಹಾಡು ಗಟ್ಟಿಯಾಗಿ ನೆಲೆ ನಿಲ್ಲುತ್ತದೆ. ಫಂಕ್ ಅದನ್ನು ಬಿಡುವುದಿಲ್ಲ, ಆದರೆ ಅದರ ನಿಜವಾದ ಭಾರವಿರುವುದು ಮೊದಲ ಬೀಟ್‌ನಲ್ಲಿ. ಫಂಕ್‌ಗೆ ಬುನಾದಿ ಹಾಕಿದ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ 1960ರ ದಶಕದಲ್ಲಿ ತಮ್ಮ ವಾದ್ಯಗಾರರಿಂದ ಪಟ್ಟು ಹಿಡಿದು ಪಡೆದದ್ದು ಈ ‘ಒನ್’ ಅನ್ನೇ. ನಮ್ಮವರಿಗೆ ಇದನ್ನು ತಾಳದ ಮೊದಲ ಪೆಟ್ಟಾದ ‘ಸಮ’ ಎಂದು ಹೇಳಿದರೆ ತಟ್ಟನೆ ಅರ್ಥವಾಗುತ್ತದೆ. ಆದರೆ ಹೋಲಿಕೆಯನ್ನು ತೀರಾ ಎಳೆಯಬಾರದು: ನಮ್ಮಲ್ಲಿ ಕೃತಿ ಸಮ ಬಿಟ್ಟು ಆರಂಭವಾದರೂ ನಡೆಯುತ್ತದೆ, ಫಂಕ್‌ನಲ್ಲಿ ಆವರ್ತ ಆವರ್ತಕ್ಕೂ ಎಲ್ಲರೂ ಆ ಒಂದು ಬಿಂದುವಿಗೆ ಬಂದು ಬಿದ್ದು ಆಮೇಲೆ ಚದುರಬೇಕು.

ನನ್ನ ತಪ್ಪು ಬೇರೆಡೆ ಇತ್ತು. ರಾಕ್‌ನ ಅಭ್ಯಾಸದಿಂದ ನಾನು ಕ್ರ್ಯಾಶ್ ಸಿಂಬಲ್ (ಹೊಡೆದರೆ ಬಹಳ ಹೊತ್ತು ಮೊಳಗುವ ಲೋಹದ ತಟ್ಟೆ) ಹೊಡೆಯುತ್ತಲೇ ಇರುತ್ತಿದ್ದೆ. ಅದರ ಝೇಂಕಾರದಲ್ಲಿ ಸ್ನೇರ್ ಮೇಲೆ ಕೋಲನ್ನು ಬರೀ ತಾಗಿಸಿ ನುಡಿಸುವ ‘ಘೋಸ್ಟ್ ನೋಟ್’ಗಳೆಲ್ಲ ಮುಳುಗಿಹೋಗುತ್ತಿದ್ದವು. ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ಜೇಮ್ಸ್ ಬ್ರೌನ್‌ಗಾಗಿ ನುಡಿಸಿದ ‘ಫಂಕಿ ಡ್ರಮ್ಮರ್’ ಕೇಳಿ, ಅಲ್ಲಿ ಜೋರಾದ ಪೆಟ್ಟುಗಳಿಗಿಂತ ಪಿಸುಮಾತಿನಂಥ ಪೆಟ್ಟುಗಳೇ ಹೆಚ್ಚು. ನಾನು ಒಂದು ತಿಂಗಳು ಕ್ರ್ಯಾಶ್ ಸಿಂಬಲ್‌ಗಳನ್ನು ಕಳಚಿಟ್ಟು ಮುಚ್ಚಿದ ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಟ್ಟೆ) ಒಂದರಲ್ಲೇ ನುಡಿಸಿದೆ. ಮೊದಲ ವಾರ ಕೈಕಾಲು ಕಟ್ಟಿಹಾಕಿದಂತಾಗಿತ್ತು.

ಗಿಟಾರ್ ನುಡಿಸುವವರೊಬ್ಬರು: ನಿಮ್ಮ ವಾ ಪೆಡಲ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ, ಮೊದಲು ಆಂಪ್‌ನ (ಗಿಟಾರ್ ಸದ್ದು ಹಿಗ್ಗಿಸುವ ಪೆಟ್ಟಿಗೆಯ) ಗೇನ್, ಅಂದರೆ ಸದ್ದನ್ನು ಒರಟಾಗಿಸುವ ಗುಂಡಿ, ತಗ್ಗಿಸಿ. ಡಿಸ್ಟಾರ್ಷನ್ (ಆ ಒರಟು ಸದ್ದು) ಹೆಚ್ಚಿದ್ದರೆ ಒಂದು ಸ್ವರ ಮುಗಿಯುವುದರೊಳಗೆ ಮುಂದಿನದು ಅದರೊಳಗೆ ಸೇರಿಕೊಂಡು ನಡುವಿನ ಮೌನ ಉಳಿಯುವುದೇ ಇಲ್ಲ, ಫಂಕ್ ಬದುಕುವುದಾದರೋ ಆ ಮೌನದಲ್ಲಿ. ಇದು ನನಗೆ ತಿಳಿದದ್ದು ಆಕಸ್ಮಿಕವಾಗಿ. ಅಭ್ಯಾಸದ ಕೋಣೆಯ ಹೊರಗೆ ಫೋನಿಟ್ಟು ಧ್ವನಿಮುದ್ರಿಸಿಕೊಂಡು ಮನೆಗೆ ಬಂದು ಕೇಳಿದಾಗ ಡ್ರಮ್ಸ್, ಬೇಸ್ ಎರಡೂ ಬಾಗಿಲು ದಾಟಿ ಬಂದಿದ್ದವು, ನನ್ನ ಗಿಟಾರ್ ಮಾತ್ರ ಮಿಕ್ಸಿ ಓಡುತ್ತಿರುವಂತೆ ಒಂದೇ ಸದ್ದಾಗಿತ್ತು.

ಬಲಗೈಯ ಕೆಲಸ ಹೀಗೆ. ಒಂದು ಬೀಟ್‌ಗೆ ನಾಲ್ಕು ಮೀಟು, ಮೇಲೆ ಕೆಳಗೆ, ಮನಸ್ಸಿನಲ್ಲಿ ತ-ಕ-ಧಿ-ಮಿ. ಕೈ ಎಂದೂ ನಿಲ್ಲಬಾರದು. ಸ್ವರ ಬೇಕಾದಾಗ ಮಾತ್ರ ಎಡಗೈ ಬೆರಳುಗಳನ್ನು ಒತ್ತಿ, ಉಳಿದಂತೆ ತಂತಿಗಳ ಮೇಲೆ ಹಗುರವಾಗಿ ತಾಗಿಸಿಕೊಂಡಿದ್ದರೆ ‘ಚಿಕ್ ಚಿಕ್’ ಎಂಬ ಒಣ ಸದ್ದು ಬರುತ್ತದೆ. ಬೆರಳನ್ನು ಪೂರ್ತಿ ಎತ್ತಿದರೆ ತೆರೆದ ತಂತಿ ಮೊಳಗಿ ಎಲ್ಲವೂ ಕೆಡುತ್ತದೆ. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 70 ಬೀಟ್‌ಗೆ ಇಟ್ಟು ಆರಂಭಿಸಿ, ನಿಧಾನವಾಗಿ ನುಡಿಸುವುದೇ ಇಲ್ಲಿ ಕಷ್ಟ. ಇನ್ನೊಂದು ಮಾತು: ಆರು ತಂತಿಗಳನ್ನೂ ತುಂಬಿ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಹಿಡಿಯಬೇಡಿ. ಮೂಲಸ್ವರವನ್ನು ಬೇಸ್ ನೋಡಿಕೊಳ್ಳುತ್ತದೆ. ಫಂಕ್‌ನಲ್ಲಿ ಹೆಚ್ಚು ಬಳಸುವ ನೈನ್ತ್ ಕಾರ್ಡ್‌ನ ತೆಳುವಾದ ಮೂರು ತಂತಿಗಳಷ್ಟೇ ನಿಮ್ಮ ಪಾಲಿಗೆ ಸಾಕು.

ಬೇಸ್ ನುಡಿಸುವವರೊಬ್ಬರು: ಹೆಬ್ಬೆರಳಿನ ಈ ವಿದ್ಯೆ ಹುಟ್ಟಿದ್ದೇ ಒಂದು ಕೊರತೆಯಿಂದ ಎಂಬುದನ್ನು ನಿಮ್ಮ ಗೆಳೆಯರಿಗೆ ತಿಳಿಸಿ. ಬೇಸ್ ವಾದಕ ಲ್ಯಾರಿ ಗ್ರಹಾಂ ತಮ್ಮ ತಾಯಿಯ ಜೊತೆ ನುಡಿಸುತ್ತಿದ್ದ ಕಾಲದಲ್ಲಿ ಡ್ರಮ್ಸ್‌ನವರಿಲ್ಲದೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಬದಲಿಗೆ ಹೆಬ್ಬೆರಳಿನ ಹೊಡೆತವನ್ನೂ ಸ್ನೇರ್‌ನ ಬದಲಿಗೆ ತಂತಿಯನ್ನು ಎಳೆದು ಬಿಡುವುದನ್ನೂ ರೂಢಿಸಿಕೊಂಡರು. ಅದನ್ನೇ ಅವರು ಸ್ಯಾನ್ ಫ್ರಾನ್ಸಿಸ್ಕೊದ ‘ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್’ ತಂಡಕ್ಕೆ ತಂದರು. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ರಾಕ್ ಕೇಳಲು ನೆರೆದವರನ್ನು ಕುಣಿಸಿದ ತಂಡ ಅದು. ಅಂದರೆ ಸ್ಲ್ಯಾಪ್ ಮೂಲತಃ ಡ್ರಮ್ಸ್‌ನ ಕೆಲಸ. ಡ್ರಮ್ಸ್ ಇದ್ದೂ ಅದನ್ನೇ ಸತತವಾಗಿ ಮಾಡಿದರೆ ಇಬ್ಬರು ಒಂದೇ ಮಾತನ್ನು ಕಿರುಚಿದಂತಾಗುತ್ತದೆ. ಕಾಲೇಜು ಉತ್ಸವವೊಂದರಲ್ಲಿ ನಾನು ಮೂರು ಹಾಡು ಪೂರ್ತಿ ಸ್ಲ್ಯಾಪ್ ಮಾಡಿ ಹೆಬ್ಬೆರಳಿನಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ಕೊನೆಯ ಹಾಡನ್ನು ಪಿಕ್‌ನಲ್ಲಿ ನುಡಿಸಬೇಕಾಯಿತು. ಚೆನ್ನಾಗಿತ್ತೆಂದು ಎಲ್ಲರೂ ಹೇಳಿದ್ದು ಆ ಕೊನೆಯ ಹಾಡನ್ನೇ! ರೆಡ್ ಹಾಟ್ ಚಿಲಿ ಪೆಪರ್ಸ್ ರಾಕ್ ತಂಡದ ಬೇಸ್ ವಾದಕ ಫ್ಲೀ ಕೂಡ 1991ರ ಆಲ್ಬಮ್ಮಿನ ಹೊತ್ತಿಗೆ ಸ್ಲ್ಯಾಪನ್ನು ಬಹಳ ಕಡಿಮೆ ಮಾಡಿದ್ದರು. 1989ರದನ್ನೂ 1991ರದನ್ನೂ ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇನ್ನೊಬ್ಬರು: ಮೇಲಿನವರ ಮಾತನ್ನೆಲ್ಲ ಪಾಲಿಸಿದರೆ ಒಳ್ಳೆಯ ಫಂಕ್ ಆದೀತು, ರಾಕ್ ಎಲ್ಲಿ ಉಳಿಯಿತು? ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1969ರ ಕೊನೆಯ ದಿನವೂ 1970ರ ಮೊದಲ ದಿನವೂ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಬೇಸ್‌ನ ಬಿಲ್ಲಿ ಕಾಕ್ಸ್, ಡ್ರಮ್ಸ್‌ನ ಬಡ್ಡಿ ಮೈಲ್ಸ್ ಜೊತೆ ನುಡಿಸಿದಾಗ ಗಿಟಾರ್ ಗರ್ಜಿಸುತ್ತಲೇ ಇತ್ತು. ಕೆಳಗೆ ಬೇಸ್ ಮತ್ತು ಡ್ರಮ್ಸ್ ಒಂದೇ ಸುತ್ತನ್ನು ಬಿಗಿಯಾಗಿ ಹಿಡಿದಿದ್ದರಿಂದ ಅದಕ್ಕೆ ಗರ್ಜಿಸುವ ಅವಕಾಶ ದೊರೆಯಿತು. 1971ರಲ್ಲಿ ಜಾರ್ಜ್ ಕ್ಲಿಂಟನ್ನರ ಫಂಕಡೆಲಿಕ್ ತಂಡದಲ್ಲಿ ಎಡ್ಡಿ ಹೇಜಲ್ ‘ಮ್ಯಾಗಟ್ ಬ್ರೇನ್’ ಎಂಬ ಹತ್ತು ನಿಮಿಷದ ರಚನೆಯ ಬಹುಭಾಗವನ್ನು ಗಿಟಾರ್ ಒಂದರಿಂದಲೇ ತುಂಬಿಸಿದರು. ಆದ್ದರಿಂದ ಚರಣದಲ್ಲಿ ಗೇನ್ ಇಳಿಸಿ, ಪಲ್ಲವಿಗೆ ಪೂರ್ತಿ ಏರಿಸಿ. ನಾವು ಮಾಡುತ್ತಿರುವುದು ಇಷ್ಟೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ಅಭ್ಯಾಸದಲ್ಲಿ ಗೇನ್ ತಗ್ಗಿಸಿ, ಒಂದೇ ಆವರ್ತದ ರಿಫ್ಫನ್ನು (ಮರಳಿ ಮರಳಿ ಬರುವ ಸ್ವರಗುಚ್ಛವನ್ನು) ಇಪ್ಪತ್ತು ನಿಮಿಷ ಬದಲಾಯಿಸದೆ ನುಡಿಸಿದೆವು. ಹತ್ತನೆಯ ನಿಮಿಷದ ಹೊತ್ತಿಗೆ, ನಾವು ಯಾವತ್ತೂ ಕೂಡಿ ನಿಲ್ಲದ ಆ ಮೊದಲ ಬೀಟ್‌ನಲ್ಲಿ ಬೇಸ್ ಮತ್ತು ಕಿಕ್ ಕೂಡಿದ್ದು ನನ್ನ ಕಿವಿಗೇ ಗೊತ್ತಾಯಿತು. ಕ್ರ್ಯಾಶ್ ಸಿಂಬಲ್ ಕಳಚಲು ಮಾತ್ರ ನಮ್ಮ ಡ್ರಮ್ಸ್‌ನವನು ಸುತರಾಂ ಒಪ್ಪುತ್ತಿಲ್ಲ. ಪಲ್ಲವಿಗಷ್ಟೇ ಬಳಸುವುದೆಂದು ಸದ್ಯಕ್ಕೆ ರಾಜಿಯಾಗಿದೆ.