ಅತ್ತಿಗೆ, ಬಂಡೆಯದಲ್ಲ, ಬ್ರೇಕಿನ ಚಿಂತೆ ಮಾಡಿ

ಅತ್ತಿಗೆ, ಮನೆ ಗ್ರೂಪಿನಲ್ಲಿ ನಿಮ್ಮ ಮೆಸೇಜು ಬೆಳಿಗ್ಗೆಯೇ ನೋಡಿದೆ, ಪೂಜೆ ಮುಗಿಯಲಿ ಅಂತ ಸುಮ್ನಿದ್ದೆ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಮಾತಾಡಿದ್ದನ್ನು ಫೋನೇ ಬರೆದುಕೊಳ್ಳುತ್ತಿದೆ, ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ನಿಮ್ಮ ಪುಟ್ಟ ಅಕ್ಟೋಬರಿನಲ್ಲಿ ಆಫೀಸಿನ ಹುಡುಗರ ಜೊತೆ ಇಟಲಿಗೆ ಹೋಗಿ ಫಿನಾಲೆ ಲಿಗುರೆಯಲ್ಲಿ ನಾಲ್ಕು ದಿನ ಬೆಟ್ಟದ ಸೈಕಲ್ ಓಡಿಸುತ್ತಾನಂತೆ, ಅವನು ಹಾಕಿದ ವಿಡಿಯೋ ನೋಡಿದಾಗಿನಿಂದ ನಿಮಗೆ ನಿದ್ದೆ ಇಲ್ಲ, ಬಂಡೆ ಮೇಲಿಂದ ಬಿದ್ದರೆ ಏನು ಗತಿ ಅಂತ ಕೇಳಿದ್ದೀರಿ. ಬಂಡೆಯಿಂದ ಬೀಳಲ್ಲ ಬಿಡಿ. ಬಂಡೆ ಕಂಡರೆ ಎಂಥವರೂ ಹುಷಾರಾಗುತ್ತಾರೆ. ಬೀಳುವುದು ಬೇರೆ ಕಡೆ, ನಾನು ಬಿದ್ದ ಹಾಗೆ.

ನಾನು ಇಟಲಿಯ ಟೊರಿನೋದಲ್ಲಿದ್ದ ಎರಡು ವರ್ಷ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಶುರು ಮಾಡಲ್ಲ. ಶನಿವಾರ ಬಂತೆಂದರೆ ಆಫೀಸಿನವರು ಕಾರಿನಲ್ಲಿ ಸಮುದ್ರದ ಕಡೆ ಹೊರಡುತ್ತಿದ್ದರು, ಒಂದೆರಡು ಸಲ ಸುಮ್ನೆ ದಡದಲ್ಲಿ ಕೂತು ಬಂದೆ, ಮೂರನೇ ಸಲ ನನಗೂ ಒಂದು ಸೈಕಲ್ ಬಾಡಿಗೆಗೆ ತೆಗೆದುಕೊಟ್ಟರು. ಅದು 2011, ಅಕ್ಟೋಬರೇ. ಫಿನಾಲ್‌ಬೋರ್ಗೋ ಅಂತ ಕೋಟೆ ಗೋಡೆಯೊಳಗಿನ ಹಳೇ ಊರು, ಅಲ್ಲಿಂದ ವ್ಯಾನಿನ ಹಿಂದೆ ಸೈಕಲ್ಲುಗಳನ್ನು ಕಟ್ಟಿ ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಸುಮಾರು ಸಾವಿರ ಮೀಟರ್ ಮೇಲೆ, ಹಿಂದೆ ನೇಟೋದವರ ನೆಲೆ ಇದ್ದ ಜಾಗ, ಎಲ್ಲರೂ ನೇಟೋ ಬೇಸ್ ಅಂತಲೇ ಕರೆಯುವುದು. ಅಲ್ಲಿ ಶಾಲು ಹೊದೆಯುವ ಚಳಿ, ದಟ್ಟ ಕಾಡು, ಕಾಲ ಕೆಳಗೆ ಒದ್ದೆ ಎಲೆ. ಇಳಿಯುತ್ತಾ ಇಳಿಯುತ್ತಾ ಮರ ಗಿಡ್ಡವಾಗುತ್ತವೆ, ಮಣ್ಣು ಹೋಗಿ ಸುಣ್ಣದ ಕಲ್ಲು ಬರುತ್ತದೆ, ರೋಸ್ಮರಿ ಪೊದೆಗೆ ಮೊಣಕೈ ತಾಗಿದರೆ ಕೈಯೆಲ್ಲ ಘಮ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ತೋಟ, ಅದರ ಕೆಳಗೆ ಸಮುದ್ರ. ನಾನು ನೋಡಿದ ಜಾಗಗಳಲ್ಲೆಲ್ಲ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ, ಇದನ್ನೂ ಹೇಳಿಬಿಡುತ್ತೇನೆ, ಹೋಗಬೇಡ ಅಂತ ನಾನು ಹೇಳುತ್ತಿಲ್ಲ.

ಮೇಲಿನ ಕಷ್ಟದ ಜಾಗವನ್ನೆಲ್ಲ ಇಳಿದೆ. ಎಲ್ಲಿ ಹೆದರಿಕೆಯಾಯಿತೋ ಅಲ್ಲಿ ಇಳಿದು ತಳ್ಳಿಕೊಂಡು ಹೋದೆ, ನಾಚಿಕೆಯೇನೂ ಪಡಲಿಲ್ಲ. ಬಿದ್ದದ್ದು ಕೊನೆಯಲ್ಲಿ, ತೋಟದ ನಡುವಿನ ಸಪಾಟು ದಾರಿಯಲ್ಲಿ, ಮಗು ಮೂರು ಚಕ್ರದ ಸೈಕಲ್ ಓಡಿಸಬಹುದಾದಂಥ ಜಾಗದಲ್ಲಿ. ಒಬ್ಬ ಅಜ್ಜ ಆಲಿವ್ ಕಾಯಿ ಉದುರಿಸುವಾಗ ಕೆಳಗೆ ಹಾಸುವ ಬಲೆಯನ್ನು ಹೆಗಲ ಮೇಲೆ ಹೊತ್ತು ದಾರಿಗೆ ಅಡ್ಡ ಬಂದರು. ನಾನು ಏನು ಮಾಡಿದೆ? ಇಪ್ಪತ್ತು ವರ್ಷ ಕೈನೆಟಿಕ್ ಹೋಂಡಾ ಓಡಿಸಿದ ಕೈ. ಮೆಲ್ಲಗೆ ನಿಲ್ಲಿಸೋಣ ಅಂತ ಎಡಗೈ ಬ್ರೇಕ್ ಹಿಡಿದೆ. ನಮ್ಮಲ್ಲಿ ಎಡಗೈಯದು ಹಿಂದಿನ ಚಕ್ರಕ್ಕೆ ಅಲ್ವಾ, ಸ್ಕೂಟರಿನಲ್ಲೂ ಹಾಗೇ, ನಾನು ಶಾಲೆಗೆ ಹೋಗುತ್ತಿದ್ದ ಅಪ್ಪನ ಸೈಕಲ್ಲಿನಲ್ಲೂ ಹಾಗೇ. ಅಲ್ಲಿ ಉಲ್ಟಾ. ಎಡಗೈ ಹಿಡಿದರೆ ಮುಂದಿನ ಚಕ್ರ ನಿಲ್ಲುತ್ತದೆ. ಅದೂ ಡಿಸ್ಕ್ ಬ್ರೇಕು, ಒಂದು ಬೆರಳು ಸಾಕು, ನಾನು ನಾಲ್ಕೂ ಬೆರಳು ಹಾಕಿ ಹಿಂಡಿದೆ. ಮುಂದಿನ ಚಕ್ರ ನೆಟ್ಟ ಹಾಗೆ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಲಾಗ ಹೊಡೆದು ಕಲ್ಲಿನ ಕಟ್ಟೆ ದಾಟಿ ಕೆಳಗಿನ ಮೆಟ್ಟಿಲ ತೋಟಕ್ಕೆ ಬಿದ್ದೆ.

ಪುಟ್ಟ, ಓದುತ್ತಿದ್ದೀಯಾ? ಅಲ್ಲಿನ ಸೈಕಲ್ಲಿನಲ್ಲಿ ಎಡಗೈ ಬ್ರೇಕ್ ಮುಂದಿನ ಚಕ್ರದ್ದು. ಎಡಗೈ, ಮುಂದಿನ ಚಕ್ರ.

ಆ ಅಜ್ಜ ಓಡಿ ಬಂದರು, ಬಂದವರು ಮೊದಲು ನನ್ನನ್ನು ನೋಡಲಿಲ್ಲ, ಕಟ್ಟೆ ನೋಡಿದರು. ನನ್ನ ಜೊತೆ ಎರಡು ಕಲ್ಲು ಉರುಳಿದ್ದವು. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು, ಒಂದು ಜಾರಿದರೆ ಮಳೆಗಾಲಕ್ಕೆ ಪೂರ್ತಿ ಸಾಲೇ ಕುಸಿಯಬಹುದು. ಎರಡೂ ಕಲ್ಲನ್ನು ತಿರುಗಿಸಿ ತಿರುಗಿಸಿ ಅದರ ಜಾಗಕ್ಕೆ ಕೂರಿಸಿ, ಅಂಗೈಯಿಂದ ತಟ್ಟಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. ಆವತ್ತು ನನಗೆ ಸಿಟ್ಟು ಬಂದಿತ್ತು. 2018ರಲ್ಲಿ ಆ ಕಟ್ಟೆ ಕಟ್ಟುವ ವಿದ್ಯೆಯನ್ನೇ ಯುನೆಸ್ಕೋದವರು ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿದರು ಅಂತ ಓದಿದಾಗ ಅಜ್ಜ ಮಾಡಿದ್ದು ಸರಿ ಅನ್ನಿಸಿತು. ನನ್ನ ಮೂಳೆ ಹೇಗೂ ಕೂಡುತ್ತದೆ.

ಕೂಡಲು ನಲವತ್ತೈದು ದಿನ ಬೇಕಾಯಿತು. ಕಾಲರ್ ಬೋನು. ಜಡೆ ಹಾಕಿಕೊಳ್ಳಲು ಬಾರದೆ ಪಕ್ಕದ ಮನೆಯ ಹುಡುಗಿ ಬಂದು ಹಾಕುತ್ತಿದ್ದಳು. ಎರಡು ವರ್ಷ ಆದಮೇಲೆ, 2013ರಲ್ಲಿ, ಬೆಟ್ಟದ ಸೈಕಲ್ಲಿನ ಎಂಡ್ಯೂರೋ ವಿಶ್ವ ಸರಣಿ ಅಂತ ಶುರುವಾಯಿತಲ್ಲ, ಅದರ ಮೊದಲ ವರ್ಷದ ಕೊನೆಯ ಸ್ಪರ್ಧೆ ನಡೆದದ್ದು ಇದೇ ಊರಿನಲ್ಲಿ, ಅಂದರೆ ನಾನೇನು ಎಲ್ಲೋ ಸಂದಿಯಲ್ಲಿ ಬಿದ್ದವಳಲ್ಲ.

ಈಗ ಬಾಯಿ ಬಿಟ್ಟಿದ್ದೇನೆ, ಹೇಳಿಯೇ ಬಿಡುತ್ತೇನೆ. ಆ ನವೆಂಬರಿನಲ್ಲೇ ನಿಮ್ಮ ಗೃಹಪ್ರವೇಶ. ಕೈ ಕುತ್ತಿಗೆಗೆ ಕಟ್ಟಿಕೊಂಡು ವಿಮಾನ ಹತ್ತಬೇಡಿ ಅಂದರು, ಬರಲಿಲ್ಲ. ಇಲ್ಲಿ ಏನು ಮಾತಾಯಿತು ಅಂತ ನನಗೆ ಎಲ್ಲ ಬಂದು ಮುಟ್ಟಿದೆ. ಬರಲು ಮನಸ್ಸಿಲ್ಲ, ಅದಕ್ಕೆ ಸೈಕಲ್ ನೆಪ ಅಂದರಂತೆ. ನಲವತ್ತು ದಾಟಿದ ಹೆಂಗಸಿಗೆ ಬೆಟ್ಟದ ಸೈಕಲ್ ಯಾಕೆ ಬೇಕಿತ್ತು ಅಂದರಂತೆ. ಅಣ್ಣ ಒಂದು ಫೋನು ಮಾಡಲಿಲ್ಲ. ಈಗ ಅದೇ ಊರು, ಅದೇ ದಾರಿ, ಪುಟ್ಟ ಟಿಕೆಟ್ ಫೋಟೋ ಹಾಕಿದರೆ ಇಡೀ ಗ್ರೂಪು ಚಪ್ಪಾಳೆ ಹಾಕುತ್ತದೆ. ಹಾಕಲಿ, ಹುಡುಗ ಖುಷಿಯಾಗಿರಲಿ. ಆದರೆ ಆ ಗೃಹಪ್ರವೇಶದ ಮುಂದಿನ ವರ್ಷ ಬಂದಾಗ ನಾನು ಆ ತೋಟದ ಸೀಮೆಯ ತಜ್ಜಾಸ್ಕ ತಳಿಯ ಆಲಿವ್ ಎಣ್ಣೆ ತಂದಿದ್ದೆ, ಐದು ಲೀಟರಿನ ಡಬ್ಬ, ಸೀರೆ ಸುತ್ತಿ ಜೋಪಾನವಾಗಿ ತಂದದ್ದು. ಅದನ್ನು ದೇವರ ದೀಪಕ್ಕೆ ಸುರಿದಿರಿ ಅತ್ತಿಗೆ. ನಾನು ಕಣ್ಣಾರೆ ನೋಡಿದೆ, ಆವತ್ತು ಏನೂ ಅನ್ನಲಿಲ್ಲ.

ಇರಲಿ ಬಿಡಿ. ಎಲ್ಲಿದ್ದೆ? ಹಾಂ, ಬ್ರೇಕು. ಇದನ್ನು ಮೊದಲೇ ಹೇಳಬೇಕಿತ್ತು. ಪುಟ್ಟ, ಸೈಕಲ್ ಬುಕ್ ಮಾಡುವಾಗಲೇ ಅಂಗಡಿಯವರಿಗೆ ಬರೆ, ನನಗೆ ಮುಂದಿನ ಬ್ರೇಕ್ ಬಲಗೈಗೆ ಬೇಕು ಅಂತ. ಬ್ರಿಟನ್ನಿನವರದೂ ನಮ್ಮ ಹಾಗೇ, ಹಾಗಾಗಿ ಇದು ಅವರಿಗೆ ಹೊಸ ಬೇಡಿಕೆ ಅಲ್ಲ. ಆಗಲ್ಲ ಅಂದರೆ ಮೊದಲ ದಿನ ಬೆಟ್ಟಕ್ಕೆ ಹೋಗಲೇಬೇಡ, ಊರೊಳಗೆ ಓಡಿಸಿ ಕೈಗೆ ರೂಢಿ ಮಾಡಿಕೋ. ಪೋಂಚಿ ಕಣಿವೆಯಲ್ಲಿ ರೋಮನ್ನರ ಕಾಲದ ಕಲ್ಲು ಸೇತುವೆಗಳಿವೆ, ದಾರಿಯೂ ಸಲೀಸು, ಅಲ್ಲಿಗೆ ಹೋಗಿ ಬಾ.

ಇನ್ನೊಂದು, ವೀಸಾಕ್ಕೆ ಅಂತ 30,000 ಯೂರೋದ ಇನ್ಶೂರೆನ್ಸ್ ಮಾಡಿಸಿರುತ್ತೀಯಲ್ಲ, ಅಂಥ ಪಾಲಿಸಿಯಲ್ಲಿ ಸಾಹಸ ಕ್ರೀಡೆಗೆ ದುಡ್ಡು ಕೊಡಲ್ಲ ಅಂತ ಎಷ್ಟೋ ಸಲ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಬೇರೆಯಾಗಿ ಸೇರಿಸಬೇಕು. ಅಕ್ಟೋಬರ್ ಅಂದರೆ ಅಲ್ಲಿ ಬೇಟೆಯ ಕಾಲ, ಕಾಡುಹಂದಿ ಹೊಡೆಯಲು ಬಂದೂಕು ಹಿಡಿದು ಬರುತ್ತಾರೆ, ಮಂಗಳವಾರ ಶುಕ್ರವಾರ ಮಾತ್ರ ಇಟಲಿಯಲ್ಲಿ ಎಲ್ಲೂ ಬೇಟೆ ಇಲ್ಲ. ಉಳಿದ ದಿನ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕು, ಆ ಕಪ್ಪು ಟೀ ಶರ್ಟು ಬೇಡ. ಏನಾದರೂ ಆದರೆ 112.

ಪಾಲಿಸಿ ಪಿಡಿಎಫ್ ನನಗೆ ಕಳಿಸು, ಕನ್ನಡಕ ಸಿಕ್ಕಿದ ಮೇಲೆ ಓದಿ ಹೇಳುತ್ತೇನೆ. ಗ್ರೂಪಿಗೆ ಹಾಕಬೇಡ, ನನಗೇ ಕಳಿಸು.